ಬಾಗಿದ ಫುಟ್‌ರೆಸ್ಟ್ ಮನೆಯಲ್ಲೇ ನೆಟ್ಟಗಾದೀತೇ?

ಪ್ರಶ್ನೆ: ನಮ್ಮದು ಮೂಡಿಗೆರೆ ತಾಲ್ಲೂಕಿನ ಒಳಭಾಗದ ಸಣ್ಣ ಕಾಫಿ ತೋಟ. ಹೋದ ವಾರ ಮೆಣಸಿನ ಚೀಲ ಹೇರಿಕೊಂಡು ಬರುವಾಗ ಮನೆಯ ಇಳಿಜಾರಿನ ಕೆಸರಿನಲ್ಲಿ ನನ್ನ 100 ಸಿಸಿ ಬೈಕ್ ಬಲಕ್ಕೆ ಮಗುಚಿತು. ನನಗೆ ಪೆಟ್ಟಾಗಲಿಲ್ಲ. ಆದರೆ ಬಲಗಡೆಯ ಫುಟ್‌ರೆಸ್ಟ್ ಹಿಂದಕ್ಕೂ ಮೇಲಕ್ಕೂ ಬಾಗಿದೆ. ಹಿಂದಿನ ಸವಾರರ ಎಡ ಫುಟ್‌ರೆಸ್ಟ್ ಮೊದಲಿನಿಂದಲೂ ಸಡಿಲ, ಮಡಿಚಿದರೆ ನಿಲ್ಲದೆ ಜೋತು ಬೀಳುತ್ತದೆ. ಅಮ್ಮನನ್ನು ವಾರಕ್ಕೊಮ್ಮೆ ಆಸ್ಪತ್ರೆಗೆ ಕರೆದೊಯ್ಯಬೇಕು. ಗ್ಯಾರೇಜು 25 ಕಿಲೋಮೀಟರ್ ದೂರ. ಮನೆಯಲ್ಲಿ ಒಂದು ಸ್ಪ್ಯಾನರ್ ಸೆಟ್, ಸುತ್ತಿಗೆ, ಸ್ಪ್ರಿಂಕ್ಲರ್‌ನ ಹಳೆಯ ಪೈಪುಗಳು ಇವೆ. ನಾನೇ ಸರಿ ಮಾಡಿಕೊಳ್ಳಬಹುದೇ? ಅಂದ ಹಾಗೆ, ಬಿದ್ದ ಮೇಲೆ ಹಿಂದಿನ ಬ್ರೇಕ್ ದೀಪ ಒಮ್ಮೊಮ್ಮೆ ಆರುವುದೇ ಇಲ್ಲ.

ಉತ್ತರ: ಪ್ರಶ್ನೆಯ ಕೊನೆಗೆ ‘ಅಂದ ಹಾಗೆ’ ಎಂದು ನೀವು ಸೇರಿಸಿದ ಮಾತನ್ನೇ ನಾನು ಮೊದಲು ಓದಿಕೊಂಡೆ. ಬ್ರೇಕ್ ದೀಪ ಆರುತ್ತಿಲ್ಲ ಎಂದರೆ ಬಹುಮಟ್ಟಿಗೆ ಬ್ರೇಕ್ ಪೆಡಲ್ ಪೂರ್ತಿ ಮೇಲಕ್ಕೆ ಮರಳುತ್ತಿಲ್ಲ ಎಂದೇ ಅರ್ಥ. ಬಾಗಿದ ಫುಟ್‌ರೆಸ್ಟ್ ಪೆಡಲ್‌ನ ತೋಳಿಗೆ ಒರಗಿಕೊಂಡು ಅದನ್ನು ಹಿಡಿದಿಟ್ಟಿರಬೇಕು. ಹಾಗಿದ್ದರೆ ನಿಮ್ಮ ಹಿಂದಿನ ಬ್ರೇಕ್ ನೀವು ತುಳಿಯದಿದ್ದರೂ ಅಲ್ಪಸ್ವಲ್ಪ ಹಿಡಿದೇ ಇದೆ. ಒಳಗಿನ ಬ್ರೇಕ್ ಶೂ ಸವೆಯುತ್ತದೆ, ಚಕ್ರದ ನಡುವಿನ ಡ್ರಮ್ ಕಾಯುತ್ತದೆ. ಕಾದ ಡ್ರಮ್ಮಿನಲ್ಲಿ ಹಿಡಿತ ಕುಗ್ಗುತ್ತದೆ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುವಾಗ ಹಿಂದಿನ ಬ್ರೇಕ್ ಹೀಗೆ ಸೋತರೆ ಏನಾಗುತ್ತದೆ ಎಂಬುದನ್ನು ನಿಮ್ಮ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. ಆದ್ದರಿಂದ ಈ ಕೆಲಸ ಮುಗಿಯುವವರೆಗೆ ಅಮ್ಮನನ್ನು ಆ ಬೈಕಿನಲ್ಲಿ ಕೂರಿಸಬೇಡಿ. ಆಸ್ಪತ್ರೆಗೆ ಈ ಒಂದು ವಾರ ಬಸ್ಸಾದರೂ ಸರಿ, ಆಟೋ ಆದರೂ ಸರಿ.

ಹಾಸನದಲ್ಲಿ ಎರಡು ದಶಕಗಳಿಗೂ ಮೀರಿ ಬೈಕ್ ದುರಸ್ತಿ ಮಾಡಿಕೊಂಡು ಬಂದಿದ್ದೇನೆ. ಫುಟ್‌ರೆಸ್ಟನ್ನು ಬರೀ ಕಾಲಿಡುವ ಕಂಬಿ ಎಂದು ನೋಡುವವರೇ ಹೆಚ್ಚು. ನಿಮ್ಮ ಹಿಮ್ಮಡಿ ಎಲ್ಲಿ ಊರುತ್ತದೆಯೋ ಅಲ್ಲಿಂದಲೇ ಪಾದ ಬ್ರೇಕನ್ನೂ ಗೇರನ್ನೂ ಹುಡುಕುತ್ತದೆ. ಹಿಮ್ಮಡಿಯ ಜಾಗ ಎರಡು ಬೆರಳು ಹಿಂದಕ್ಕೆ ಹೋದರೆ ಪಾದಕ್ಕೆ ಬ್ರೇಕ್ ಸಿಗುವುದು ತಡವಾಗುತ್ತದೆ. ಹಾಗಾಗಿ ನಿಮ್ಮ ಪ್ರಶ್ನೆಗೆ ಉತ್ತರ: ಮಾಡಬಹುದು, ಆದರೆ ಫುಟ್‌ರೆಸ್ಟ್ ನೆಟ್ಟಗಾದಾಗ ಅರ್ಧ ಕೆಲಸವಷ್ಟೇ ಮುಗಿದಿರುತ್ತದೆ. ಉಳಿದರ್ಧ ಬ್ರೇಕಿನದು.

ಮೊದಲು ಯಾವುದನ್ನು ನೆಟ್ಟಗೆ ಮಾಡಬಹುದು, ಯಾವುದನ್ನು ಮುಟ್ಟಲೇಬಾರದು ಎಂಬುದು ತಿಳಿದಿರಬೇಕು. 100 ಸಿಸಿ ಬೈಕುಗಳಲ್ಲಿ ಹೆಚ್ಚಾಗಿ ಎಂಜಿನ್‌ನ ಕೆಳಗೆ ಅಡ್ಡಲಾಗಿ ಹಾದುಹೋಗುವ ಉಕ್ಕಿನ ಒಂದೇ ಕಂಬಿ ಇರುತ್ತದೆ. ಅದರ ಎರಡು ತುದಿಗಳೇ ಎರಡು ಫುಟ್‌ರೆಸ್ಟ್. ಇದು ಮೆದು ಉಕ್ಕು. ಬಿಲ್ಲಿನಂತೆ ನಯವಾಗಿ ಬಾಗಿದ್ದರೆ ತಣ್ಣಗಿರುವಾಗಲೇ ನೆಟ್ಟಗಾಗುತ್ತದೆ. 150 ಸಿಸಿ ಮತ್ತು ಅದರ ಮೇಲಿನ ಅನೇಕ ಬೈಕುಗಳಲ್ಲಿ ಹಾಗಲ್ಲ. ಎರಡೂ ಪಕ್ಕದಲ್ಲಿ ಎರಕದ ಅಲ್ಯೂಮಿನಿಯಂ ಬ್ರ್ಯಾಕೆಟ್, ಅದಕ್ಕೆ ಮಡಿಚುವ ಫುಟ್‌ರೆಸ್ಟ್. ಆ ಬ್ರ್ಯಾಕೆಟ್ ಬಾಗಿದ್ದರೆ ಹೊಸದನ್ನು ತರಿಸುವುದೊಂದೇ ದಾರಿ. ಅದನ್ನು ಒತ್ತಿ, ಬಡಿದು, ಕಾಯಿಸಿ ನೆಟ್ಟಗೆ ಮಾಡಲು ಹೋಗಬಾರದು. ಕಬ್ಬಿಣ ಕಾದರೆ ಕೆಂಪಾಗಿ ಎಚ್ಚರಿಸುತ್ತದೆ. ಅಲ್ಯೂಮಿನಿಯಂ ಬಣ್ಣ ಬದಲಿಸದೆ ಇದ್ದಕ್ಕಿದ್ದಂತೆ ಕುಸಿಯುತ್ತದೆ.

ಇಷ್ಟು ಕಟುವಾಗಿ ಹೇಳಲು ಕಾರಣವಿದೆ. ಕಸುಬಿಗೆ ಬಂದ ಹೊಸತರಲ್ಲಿ ಅಂಥ ಒಂದು ಬ್ರ್ಯಾಕೆಟನ್ನು ನಾನು ನೆಟ್ಟಗೆ ಮಾಡಿ ಕೊಟ್ಟೆ. ನೋಡಲು ಹೊಸದರಂತೆಯೇ ಇತ್ತು. ತಿಂಗಳೊಳಗೆ ಸಕಲೇಶಪುರದ ಬಳಿ ಗುಂಡಿಯೊಂದಕ್ಕೆ ಚಕ್ರ ಇಳಿದಾಗ ಅದು ಮುರಿಯಿತು, ಆ ಗಿರಾಕಿಯ ಪಾದ ರಸ್ತೆಗೆ ಉಜ್ಜಿತು. ಅವರು ನನ್ನನ್ನು ಬೈಯಲಿಲ್ಲ. ಮುರಿದ ತುಂಡನ್ನು ತಂದು ನನ್ನ ಕೈಗೆ ಕೊಟ್ಟರು. ಮುರಿದ ಮೈಯ ಅರ್ಧ ಭಾಗ ಕಪ್ಪಾಗಿತ್ತು, ಅರ್ಧ ಹೊಳೆಯುತ್ತಿತ್ತು. ಕಪ್ಪಾದ ಭಾಗ ನಾನು ನೆಟ್ಟಗೆ ಮಾಡಿದ ದಿನವೇ ಬಿರಿದದ್ದು. ಆ ತುಂಡು ಇವತ್ತಿಗೂ ನನ್ನ ಉಪಕರಣಗಳ ಪೆಟ್ಟಿಗೆಯಲ್ಲಿದೆ. ಕೆಲಸ ಕಲಿಯಲು ಬರುವ ಪ್ರತಿಯೊಬ್ಬ ಹುಡುಗನಿಗೂ ಮೊದಲ ದಿನ ಅದನ್ನು ತೋರಿಸುತ್ತೇನೆ.

ಉಕ್ಕಿನ ಕಂಬಿಯಲ್ಲೂ ಕೈಬಿಡಬೇಕಾದ ಸಂದರ್ಭಗಳಿವೆ. ಬಾಗಿದ ಕಡೆ ಕೊಳವೆ ಚಪ್ಪಟೆಯಾಗಿದ್ದರೆ ಅಥವಾ ಮಡಿಕೆ ಬಿದ್ದಿದ್ದರೆ, ಬಾಗು ವೆಲ್ಡಿಂಗ್‌ನ ಪಕ್ಕದಲ್ಲೇ ಇದ್ದರೆ, ಅದೇ ಜಾಗದಲ್ಲಿ ಹಿಂದೊಮ್ಮೆ ನೆಟ್ಟಗೆ ಮಾಡಿಸಿದ್ದರೆ ಹೊಸ ಕಂಬಿ ತನ್ನಿ. ಬಿರುಕು ಇದೆಯೇ ಎಂದು ತಿಳಿಯಲು ಯಂತ್ರ ಬೇಕಿಲ್ಲ. ಬಾಗಿದ ಜಾಗದ ಬಣ್ಣವನ್ನು ಮರಳುಕಾಗದದಿಂದ ಕೆರೆದು ತೆಗೆಯಿರಿ, ಸೀಮೆಎಣ್ಣೆ ಹಚ್ಚಿ ಕಾಲು ಗಂಟೆ ಬಿಡಿ, ಬಟ್ಟೆಯಿಂದ ಒಣಗುವಂತೆ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿ. ಬಿರುಕಿದ್ದರೆ ಅದರೊಳಗೆ ಇಳಿದ ಸೀಮೆಎಣ್ಣೆ ಸ್ವಲ್ಪ ಹೊತ್ತಿನಲ್ಲಿ ಮೇಲೆದ್ದು ಬಂದು ಬಿಳಿಯ ಪುಡಿಯಲ್ಲಿ ಕೂದಲೆಳೆಯಂಥ ಗೆರೆ ಮೂಡಿಸುತ್ತದೆ. ನೆಟ್ಟಗೆ ಮಾಡುವ ಮೊದಲೊಮ್ಮೆ, ಮಾಡಿದ ಮೇಲೊಮ್ಮೆ ಈ ಪರೀಕ್ಷೆ ಮಾಡಿ. ಗೆರೆ ಕಂಡರೆ ಆ ಕಂಬಿಯ ಆಯಸ್ಸು ಮುಗಿದಿದೆ. ಮೇಲೊಂದು ವೆಲ್ಡಿಂಗ್ ಹಾಕಿಸಿ ಉಳಿಸಿಕೊಳ್ಳುವ ಆಸೆ ಬೇಡ.

ಎಷ್ಟು ಬಾಗಿದೆ ಎಂಬುದನ್ನು ಅಳೆಯದೆ ಕೈ ಹಚ್ಚಬೇಡಿ. ಬೈಕನ್ನು ಕಾಫಿ ಕಣದಲ್ಲಿ ದೊಡ್ಡ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ನೆಲದಿಂದ ಎರಡೂ ಫುಟ್‌ರೆಸ್ಟ್‌ಗಳ ತುದಿಗೆ ಟೇಪ್ ಹಿಡಿದು ಎತ್ತರ ಬರೆದುಕೊಳ್ಳಿ. ಕಣಗಳನ್ನು ನೀರು ಹರಿದುಹೋಗಲೆಂದು ತುಸು ಇಳಿಜಾರಾಗಿಯೇ ಕಟ್ಟಿರುತ್ತಾರೆ, ಅದು ಅಳತೆಯನ್ನು ಕೆಡಿಸುತ್ತದೆ. ಆದ್ದರಿಂದ ಅದೇ ಜಾಗದಲ್ಲಿ ಬೈಕಿನ ಮುಖವನ್ನು ಪೂರ್ತಿ ಹಿಂದುಮುಂದು ಮಾಡಿ ನಿಲ್ಲಿಸಿ ಮತ್ತೆ ಅಳೆಯಿರಿ. ಎರಡು ಸಲದ ಸರಾಸರಿಯನ್ನು ನಂಬಬಹುದು. ಬಳಿಕ ಹಿಂದಿನ ಚಕ್ರದ ಅಚ್ಚಿನ ಮಧ್ಯದಿಂದ ಪ್ರತಿ ಫುಟ್‌ರೆಸ್ಟ್‌ನ ತುದಿಗೆ ದಾರ ಹಿಡಿದು ಎರಡು ಪಕ್ಕದ ಉದ್ದವನ್ನೂ ಹೋಲಿಸಿ. ಕೊನೆಗೆ 5 ಮಿಲಿಮೀಟರ್‌ನಷ್ಟು ವ್ಯತ್ಯಾಸ ಉಳಿದರೂ ಪಾದಕ್ಕೆ ತಿಳಿಯುವುದಿಲ್ಲ. ಅದಕ್ಕಿಂತ ಹೆಚ್ಚಿನ ನಿಖರತೆಗಾಗಿ ಹೆಣಗುತ್ತ ಉಕ್ಕನ್ನು ಅತ್ತಿತ್ತ ಬಗ್ಗಿಸಿ ದಣಿಸಬಾರದು.

ಈಗ ಕಂಬಿಯನ್ನು ಬಿಚ್ಚಬೇಕು. ಬೈಕಿನಲ್ಲೇ ಇಟ್ಟು ಪೈಪ್ ಹಾಕಿ ಎಳೆಯುವುದನ್ನು ರಸ್ತೆ ಬದಿಯಲ್ಲಿ ನೀವು ನೋಡಿರಬಹುದು. ಒಂದು ಮೀಟರ್ ಉದ್ದದ ಪೈಪಿನ ತುದಿಯಲ್ಲಿ 20 ಕಿಲೋ ಬಲ ಹಾಕಿದರೆ ಬುಡದಲ್ಲಿ ಬೀಳುವ ತಿರುಚು ಸುಮಾರು 200 ನ್ಯೂಟನ್ ಮೀಟರ್. ಅದನ್ನೆಲ್ಲ ಹೊರಬೇಕಾದದ್ದು ಕೆಳಗಿನ 8 ಮಿಲಿಮೀಟರ್ ಬೋಲ್ಟುಗಳು. ಆ ಬೋಲ್ಟುಗಳು ಎಂಜಿನ್‌ನ ಅಲ್ಯೂಮಿನಿಯಂ ಕವಚಕ್ಕೆ ಕಚ್ಚಿಕೊಂಡಿದ್ದರೆ ಥ್ರೆಡ್ ಕಿತ್ತುಬರುತ್ತದೆ, ಇಲ್ಲವೇ ಕವಚವೇ ಬಿರಿಯುತ್ತದೆ. ಫುಟ್‌ರೆಸ್ಟ್ ಉಳಿಸಲು ಹೋಗಿ ಎಂಜಿನ್ ಬಿಚ್ಚಿಸಿದವರನ್ನು ನಾನು ಕಂಡಿದ್ದೇನೆ. ಇನ್ನೊಂದು ಎಚ್ಚರಿಕೆ: ಕೆಲವು ಬೈಕುಗಳಲ್ಲಿ ಸೈಡ್ ಸ್ಟ್ಯಾಂಡ್ ಇದೇ ಕಂಬಿಗೆ ಸೇರಿಕೊಂಡಿರುತ್ತದೆ. ಕಂಬಿ ಕಳಚಿದ ಮೇಲೆ ಬೈಕಿಗೆ ದೊಡ್ಡ ಸ್ಟ್ಯಾಂಡ್ ಒಂದೇ ಆಸರೆ, ಆದ್ದರಿಂದ ಮುಂದಿನ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಡಿ.

ಮಲೆನಾಡಿನ ಮಳೆಯಲ್ಲಿ ಓಡಾಡಿದ ಬೈಕಿನ ತಳದ ಬೋಲ್ಟುಗಳು ಸುಲಭವಾಗಿ ಬರುವುದಿಲ್ಲ. ಹಿಂದಿನ ರಾತ್ರಿಯೇ ತಂತಿಯ ಬ್ರಷ್‌ನಿಂದ ಕೆಸರನ್ನೂ ತುಕ್ಕನ್ನೂ ಉಜ್ಜಿ, ತುಕ್ಕು ಬಿಡಿಸುವ ಸ್ಪ್ರೇ ಹೊಡೆಯಿರಿ. ಅದಿಲ್ಲದಿದ್ದರೆ ಡೀಸೆಲ್‌ಗೆ ಸ್ವಲ್ಪ ಎಂಜಿನ್ ಆಯಿಲ್ ಬೆರೆಸಿ ತೊಟ್ಟಿಕ್ಕಿಸಿ. ಬೆಳಿಗ್ಗೆ ಬೋಲ್ಟಿನ ತಲೆಗೆ ಸುತ್ತಿಗೆಯಿಂದ ನಾಲ್ಕೈದು ಸಣ್ಣ ಏಟು ಹಾಕಿ. 12 ಅಥವಾ 13 ನಂಬರಿನ ರಿಂಗ್ ಸ್ಪ್ಯಾನರ್ ಬಳಸಿ, ಬಾಯ್ತೆರೆದ ಸ್ಪ್ಯಾನರ್ ತಲೆಯ ಮೂಲೆಗಳನ್ನು ಸವೆಸಿಬಿಡುತ್ತದೆ. ಕಾಲು ಸುತ್ತು ಬಿಚ್ಚಿ, ಮತ್ತೆ ಬಿಗಿ ಮಾಡಿ, ಮತ್ತೆ ಬಿಚ್ಚುತ್ತ ಹೋದರೆ ತುಕ್ಕಿನ ಪುಡಿ ಹೊರಗೆ ಬರುತ್ತದೆ. ಸೈಲೆನ್ಸರ್ ತಣ್ಣಗಿರಲಿ.

ಕಂಬಿ ಕೈಗೆ ಬಂದ ಮೇಲೆ ಅದನ್ನು ಅಲುಗದಂತೆ ಹಿಡಿಯಲು ಬೆಂಚ್ ವೈಸ್ ಇಲ್ಲವಲ್ಲ ಎಂಬ ಚಿಂತೆ. ನಿಮ್ಮ ಭಾಗದ ಹಳೆಯ ಮನೆಗಳ ದಾರಿಯಲ್ಲಿ ಉಣುಗೋಲಿನ, ಅಂದರೆ ಅಡ್ಡ ಗಳಗಳ ಗೇಟಿನ, ಕಲ್ಲುಕಂಬಗಳು ಇನ್ನೂ ಉಳಿದಿವೆ. ಗಳ ತೂರಿಸಲು ಕೊರೆದ ಅವುಗಳ ತೂತಿಗಿಂತ ಒಳ್ಳೆಯ ವೈಸ್ ಸಿಗುವುದು ಕಷ್ಟ, ಕಂಬ ಆಳವಾಗಿ ಹೂತಿರುವುದರಿಂದ ಅಲುಗುವುದಿಲ್ಲ. ತೂತಿನೊಳಗೆ ಗೋಣಿ ಮತ್ತು ಮರದ ಚಕ್ಕೆಗಳನ್ನು ಬಿಗಿಯಾಗಿ ತುರುಕಿ ನಡುವೆ ಕಂಬಿಯನ್ನು ತೂರಿಸಿ, ಬಾಗಿದ ಜಾಗ ಕಲ್ಲಿನಿಂದ ಮೂರು ನಾಲ್ಕು ಬೆರಳು ಹೊರಗಿರಲಿ. ಬರಿ ಕಲ್ಲಿನ ಅಂಚಿಗೆ ಉಕ್ಕು ತಾಗಿದರೆ ಅಲ್ಲಿ ಗಾಯವಾಗುತ್ತದೆ, ಆ ಗಾಯವೇ ಮುಂದೆ ಬಿರುಕಿನ ಮೊಳಕೆ. ಉಣುಗೋಲು ಇಲ್ಲದಿದ್ದರೆ ಒತ್ತಾಗಿ ಕವಲೊಡೆದ ಗಟ್ಟಿ ಮರವೂ ನಡೆಯುತ್ತದೆ.

ರಬ್ಬರನ್ನು ಮೊದಲೇ ಕಳಚಿ. ಸ್ಪ್ರಿಂಕ್ಲರ್ ಪೈಪುಗಳಲ್ಲಿ ಅಲ್ಯೂಮಿನಿಯಂನವನ್ನು ಬಿಡಿ, ಫುಟ್‌ರೆಸ್ಟಿಗಿಂತ ಮೊದಲು ಅವೇ ಬಾಗುತ್ತವೆ. ಫುಟ್‌ರೆಸ್ಟಿನ ಮೇಲೆ ಆದಷ್ಟು ಸಡಿಲವಿಲ್ಲದೆ ಕೂರುವ ಜಿ.ಐ. ಪೈಪಿನ ಮೂರಡಿ ತುಂಡು ಸಾಕು. ಅದನ್ನು ಬಾಗಿನ ಹತ್ತಿರದವರೆಗೂ ಒಳಕ್ಕೆ ತೂರಿಸಿ. ತುದಿಯಲ್ಲಷ್ಟೇ ಸಿಕ್ಕಿಸಿದರೆ ನೆಟ್ಟಗಿರುವ ಭಾಗವೂ ಬಾಗಿ ಕಂಬಿ ಹಾವಿನಂತಾಗುತ್ತದೆ. ಬಳಿಕ ನಿಧಾನವಾಗಿ, ಒಂದೇ ಸಮನೆ ಒತ್ತಿ. ಜಗ್ಗಬೇಡಿ, ಸುತ್ತಿಗೆಯಿಂದ ಬಡಿಯಬೇಡಿ. ಉಕ್ಕಿಗೆ ಹಿಂಪುಟಿಯುವ ಗುಣವಿದೆ, ಕೈ ಬಿಟ್ಟೊಡನೆ ಸ್ವಲ್ಪ ವಾಪಸು ಹೋಗುತ್ತದೆ. ಆದ್ದರಿಂದ ಬೇಕಾದ ಜಾಗಕ್ಕಿಂತ ತುಸು ಮುಂದಕ್ಕೆ ಒಯ್ದು ಬಿಡಬೇಕು. ಐದಾರು ಸಣ್ಣ ಒತ್ತುಗಳಲ್ಲಿ, ಪ್ರತಿ ಸಲ ಎಡ ತುದಿಯ ಜೊತೆ ಕಣ್ಣಳತೆಯಲ್ಲಿ ಹೋಲಿಸುತ್ತ ಹೋಗಿ. ಮೊದಲು ಹಿಂದಕ್ಕೆ ಹೋದ ಬಾಗನ್ನು ತೆಗೆಯಿರಿ, ಮೇಲಕ್ಕೆ ಎದ್ದದ್ದನ್ನು ಆಮೇಲೆ. ಎರಡನ್ನೂ ಒಟ್ಟಿಗೆ ತೆಗೆಯಲು ಹೋದರೆ ಕಂಬಿ ತಿರುಚಿಕೊಳ್ಳುತ್ತದೆ.

ಎಷ್ಟು ಒತ್ತಿದರೂ ಬಗ್ಗದಷ್ಟು ದಪ್ಪ ಕಂಬಿಯಾದರೆ ಊರಿನ ಕಮ್ಮಾರರ ಕುಲುಮೆ ನೆನಪಾಗಲಿ. ಕೊಡಲಿಗೆ, ಕತ್ತಿಗೆ ಹದ ಕೊಡುವ ಕೈ ಈ ಕೆಲಸವನ್ನು ನಿಮಿಷದಲ್ಲಿ ಮಾಡುತ್ತದೆ. ಒಂದೇ ಮಾತು ಹೇಳಿ: ನೀರಿಗೆ ಅದ್ದಬಾರದು, ಗಾಳಿಯಲ್ಲೇ ಆರಬೇಕು. ಕತ್ತಿಯ ಬಾಯಿಗೆ ಗಡಸುತನ ಬೇಕು. ಕಾಲು ಹೊರುವ ಕಂಬಿ ಗಡಸಾದರೆ ಬಾಗುವ ಬದಲು ಒಡೆಯುತ್ತದೆ. ಅಡುಗೆಮನೆಯ ಗ್ಯಾಸ್ ಒಲೆಯಲ್ಲಿ ನೀವೇ ಕಾಯಿಸಲು ಹೋಗಬೇಡಿ, ಆ ಶಾಖ ಸಾಲದು. ಅರೆಬೆಂದ ಉಕ್ಕನ್ನು ಬಗ್ಗಿಸುವುದಕ್ಕಿಂತ ತಣ್ಣಗಿನದನ್ನು ಬಗ್ಗಿಸುವುದು ಲೇಸು.

ಬಣ್ಣ ಕೆರೆದ ಕಡೆ ಗೇಟಿಗೆ ಹಚ್ಚುವ ರೆಡ್ ಆಕ್ಸೈಡ್ ಪ್ರೈಮರ್ ಹಚ್ಚಿ, ಮೇಲೆ ಕಪ್ಪು ಪೇಂಟ್ ಬಳಿದು ಒಂದು ದಿನ ಒಣಗಲು ಬಿಡಿ. ಮಳೆಗಾಲಕ್ಕೆ ಮುಂಚೆ ಮಾಡಿದರೆ ಈ ಕೆಲಸ ಹೆಚ್ಚು ಕಾಲ ಬಾಳುತ್ತದೆ. ರಬ್ಬರ್ ಏರಿಸಲು ಗ್ರೀಸ್, ಆಯಿಲ್, ಪೆಟ್ರೋಲ್ ಯಾವುದೂ ಬೇಡ, ಅವು ರಬ್ಬರನ್ನು ಉಬ್ಬಿಸಿ ಸಡಿಲ ಮಾಡುತ್ತವೆ. ಬಚ್ಚಲ ಹಂಡೆಯ ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಒಳಗೆ ಸೋಪಿನ ನೀರು ಸವರಿ ತಳ್ಳಿದರೆ ಏರುತ್ತದೆ. ನೀರು ಒಣಗಿದ ಮೇಲೆ ಗಟ್ಟಿಯಾಗಿ ಕೂರುತ್ತದೆ.

ಮತ್ತೆ ಜೋಡಿಸುವಾಗ ಎಲ್ಲ ಬೋಲ್ಟುಗಳನ್ನೂ ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಿ, ಆಮೇಲೆ ಅಡ್ಡಡ್ಡ ಜೋಡಿಯಾಗಿ ಬಿಗಿ ಮಾಡಿ. ಎಷ್ಟು ಬಿಗಿ ಎಂಬುದೇ ಮನೆಯಲ್ಲಿ ಕೆಲಸ ಮಾಡುವವರ ದೊಡ್ಡ ತೊಡಕು. 8 ಮಿಲಿಮೀಟರ್ ಬೋಲ್ಟಿಗೆ ಸಾಮಾನ್ಯವಾಗಿ 22 ನ್ಯೂಟನ್ ಮೀಟರ್ ಸಾಕು. ನಿಮ್ಮ ಬೈಕಿನ ಕೈಪಿಡಿ ಬೇರೆ ಅಂಕಿ ಕೊಟ್ಟಿದ್ದರೆ ಅದೇ ಅಂತಿಮ. ಬಿಗಿ ಅಳೆಯುವ ಟಾರ್ಕ್ ರೆಂಚ್ ಇಲ್ಲ ಎನ್ನುತ್ತೀರಿ, ಆದರೆ ಕಾಫಿ ಹಣ್ಣು ತೂಗುವ ಕೊಕ್ಕೆಯ ತಕ್ಕಡಿ ತೋಟದ ಮನೆಯಲ್ಲಿ ಇದ್ದೇ ಇರುತ್ತದೆ. ಬೋಲ್ಟಿನ ಮಧ್ಯದಿಂದ 15 ಸೆಂಟಿಮೀಟರ್ ದೂರದಲ್ಲಿ ಸ್ಪ್ಯಾನರ್‌ಗೆ ಗಟ್ಟಿ ದಾರ ಕಟ್ಟಿ, ತಕ್ಕಡಿಯ ಕೊಕ್ಕೆ ಸಿಕ್ಕಿಸಿ, ಸ್ಪ್ಯಾನರ್‌ಗೆ ಲಂಬವಾಗಿ ಎಳೆಯಿರಿ. ತಕ್ಕಡಿ 15 ಕಿಲೋ ತೋರಿಸಿದಾಗ ಬೋಲ್ಟಿನ ಮೇಲೆ 22 ನ್ಯೂಟನ್ ಮೀಟರ್ ಬಿದ್ದಿರುತ್ತದೆ. ನಮ್ಮಲ್ಲಿಗೆ ಬರುವ ಹುಡುಗರಿಗೂ ಹೀಗೇ ಕಲಿಸುತ್ತೇನೆ. ಹತ್ತು ಸಲ ಹೀಗೆ ಎಳೆದ ಕೈಗೆ ಆ ಬಿಗಿ ನೆನಪಿನಲ್ಲಿ ಉಳಿಯುತ್ತದೆ.

ಇನ್ನು ಬ್ರೇಕ್. ಪೆಡಲನ್ನು ಕೈಯಿಂದ ಒತ್ತಿ ಬಿಡಿ, ಅದು ಟಪ್ಪೆಂದು ಮೇಲಕ್ಕೆ ಮರಳಬೇಕು. ಫುಟ್‌ರೆಸ್ಟಿಗೂ ಪೆಡಲಿನ ತೋಳಿಗೂ ನಡುವೆ ಒತ್ತಿದಾಗಲೂ ಬಿಟ್ಟಾಗಲೂ ಬೆರಳು ತೂರುವಷ್ಟು ಜಾಗವಿರಲಿ. ಜಾಗವಿದ್ದೂ ಮರಳದಿದ್ದರೆ ಪೆಡಲೇ ಒಳಕ್ಕೆ ಬಾಗಿರಬಹುದು, ಅಥವಾ ಅದರ ತಿರುಗಣೆಯಲ್ಲಿ ಕೆಸರು ಕುಳಿತಿರಬಹುದು. ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಗ್ರೀಸ್ ಹಚ್ಚಿ. ಮರಳಿಸುವ ಸ್ಪ್ರಿಂಗ್ ಕೊಕ್ಕೆ ತಪ್ಪಿದೆಯೇ ನೋಡಿ. ಪೆಡಲಿನ ತುದಿ ಫುಟ್‌ರೆಸ್ಟಿನ ಮೇಲ್ಮೈಗಿಂತ ತುಸುವೇ ಕೆಳಗಿದ್ದು, ಹಿಮ್ಮಡಿ ಎತ್ತದೆಯೇ ಪಾದಕ್ಕೆ ಸಿಗಬೇಕು. ಎತ್ತರ ಹೊಂದಿಸುವ ತಡೆ ಬೋಲ್ಟ್ ಇದ್ದರೆ ಅದನ್ನೇ ಮೊದಲು ಹೊಂದಿಸಿ. ಆಮೇಲೆ ಹಿಂದಿನ ಚಕ್ರದ ಬಳಿ ಬ್ರೇಕ್ ಕಂಬಿಯ ಕೊನೆಯ ನಟ್ ತಿರುಗಿಸಿ, ಪೆಡಲಿನ ತುದಿಯಲ್ಲಿ 20ರಿಂದ 30 ಮಿಲಿಮೀಟರ್ ಬಿಡುವು ಬರುವಂತೆ ಮಾಡಿ. ಆ ನಟ್‌ನ ಗುಳಿ ಅಡ್ಡ ಪಿನ್ನಿನ ಮೇಲೆ ಸರಿಯಾಗಿ ಕೂತಿರಬೇಕು, ಇಲ್ಲವಾದರೆ ಮೊದಲ ಗುಂಡಿಯಲ್ಲೇ ಬಿಡುವು ಬದಲಾಗುತ್ತದೆ. ಚಕ್ರವನ್ನು ಕೈಯಲ್ಲಿ ಸುತ್ತಿಸಿ, ಉಜ್ಜುವ ಸದ್ದಿಲ್ಲದೆ ತಿರುಗಬೇಕು. ಕೊನೆಯಲ್ಲಿ ಬ್ರೇಕ್ ದೀಪದ ಸ್ವಿಚ್ಚಿನ ನಟ್ ಹೊಂದಿಸಿ, ಬ್ರೇಕ್ ಹಿಡಿಯುವುದಕ್ಕೆ ಕೊಂಚ ಮೊದಲು ದೀಪ ಹೊತ್ತಲಿ. ಈ ಕ್ರಮ ತಪ್ಪಿಸಬೇಡಿ. ದೀಪ ಆರಲಿ ಎಂದು ಮೊದಲೇ ಸ್ವಿಚ್ಚನ್ನು ತಿರುಗಿಸಿದರೆ, ಬ್ರೇಕ್ ಹಿಡಿದುಕೊಂಡಿದೆ ಎಂದು ಹೇಳುತ್ತಿದ್ದ ಒಂದೇ ಸಾಕ್ಷಿಯ ಬಾಯಿ ಮುಚ್ಚಿಸಿದಂತಾಗುತ್ತದೆ.

ಕಿಕ್ಕರನ್ನೂ ಒಮ್ಮೆ ಕೈಯಿಂದ ಪೂರ್ತಿ ಕೆಳಕ್ಕೆ ಒಯ್ದು, ಫುಟ್‌ರೆಸ್ಟಿಗೆ ತಾಗುವುದಿಲ್ಲ ಎಂದು ಖಚಿತಮಾಡಿಕೊಳ್ಳಿ. ನಿಮ್ಮ ಬೈಕ್ ಬಲಕ್ಕೆ ಬಿದ್ದದ್ದರಿಂದ ಗೇರ್ ಲಿವರ್‌ಗೆ ಏನೂ ಆಗಿರಲಾರದು. ಎಡಕ್ಕೆ ಬಿದ್ದವರಿಗೆ ಒಂದು ಮಾತು: ಆ ಲಿವರನ್ನು ಶಾಫ್ಟಿನ ಹಲ್ಲುಗಳಿಂದ ಕಿತ್ತು ಬೇರೆ ಕಡೆ ಕೂರಿಸುವಾಗ ಅದರ ಬಿಗಿ ಬೋಲ್ಟನ್ನು ಪೂರ್ತಿ ಹೊರಗೆಳೆಯಬೇಕು. ಬೋಲ್ಟು ಶಾಫ್ಟಿನ ತೋಡಿನಲ್ಲಿ ಕೂತಿರುತ್ತದೆ, ಬರೀ ಸಡಿಲಿಸಿ ಎಳೆದರೆ ಬರುವುದಿಲ್ಲ.

ಅಮ್ಮನ ಫುಟ್‌ರೆಸ್ಟಿಗೆ ಬರೋಣ. ಹಿಂದಿನ ಸವಾರರಿಗೆ ಹಿಡಿಕೆ, ಫುಟ್‌ರೆಸ್ಟ್ ಮತ್ತು ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದ ಭಾಗವನ್ನು ಮುಚ್ಚುವ ರಕ್ಷಣೆ ಇರಲೇಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಹೇಳುತ್ತದೆ. ನಿಯಮವಿಲ್ಲದಿದ್ದರೂ ಇವು ಬೇಕೇ ಬೇಕು. ಜೋತು ಬೀಳುವ ಫುಟ್‌ರೆಸ್ಟಿನಲ್ಲಿ ಕೆಟ್ಟಿರುವುದು ಸಾಮಾನ್ಯವಾಗಿ ಒಂದು ಸಣ್ಣ ಸ್ಪ್ರಿಂಗ್ ಅಥವಾ ಅದು ಒತ್ತುವ ಉಕ್ಕಿನ ಗುಂಡು. ಗುಂಡು ಗುಳಿಯೊಳಗೆ ಕೂತಾಗಲೇ ಫುಟ್‌ರೆಸ್ಟ್ ಮಡಿಚಿದ ಜಾಗದಲ್ಲಿ, ಬಿಚ್ಚಿದ ಜಾಗದಲ್ಲಿ ನಿಲ್ಲುವುದು. ಮೊದಲು ಮೊಬೈಲಿನಲ್ಲಿ ಎರಡು ಕಡೆಯಿಂದ ಚಿತ್ರ ತೆಗೆದಿಟ್ಟುಕೊಳ್ಳಿ. ಫುಟ್‌ರೆಸ್ಟ್ ತಿರುಗುವ ದೊಡ್ಡ ಪಿನ್ ಜಾರದಂತೆ ತಡೆಯುವ ಸ್ಪ್ಲಿಟ್ ಪಿನ್ನಿನ ಕಾಲುಗಳನ್ನು ಇಕ್ಕಳದಿಂದ ನೆಟ್ಟಗೆ ಮಾಡಿ ಹೊರಗೆಳೆಯಿರಿ. ದೊಡ್ಡ ಪಿನ್ನನ್ನು ತೆಗೆಯುವಾಗ ಇಡೀ ಭಾಗವನ್ನು ಪ್ಲಾಸ್ಟಿಕ್ ಚೀಲದೊಳಗೆ ಹಿಡಿದುಕೊಳ್ಳಿ. ಚೀಲವಿಲ್ಲದೆ ಬಿಚ್ಚಿದರೆ ಗುಂಡು ಹಾರಿ ತರಗೆಲೆಯಲ್ಲಿ ಮಾಯವಾಗುತ್ತದೆ, ಕಣ್ಣಿಗೂ ಬಡಿಯಬಹುದು. ಗುಂಡು ಸವೆದಿದ್ದರೆ ಅದೇ ಗಾತ್ರದ ಗುಂಡು ಸೈಕಲ್ ಅಂಗಡಿಯಲ್ಲಿ ಸಿಗುತ್ತದೆ. ಕುಗ್ಗಿದ ಸ್ಪ್ರಿಂಗನ್ನು ಎಳೆದು ಉದ್ದ ಮಾಡುವುದು ನಾಲ್ಕು ದಿನದ ಮಾತು, ಬದಲಾಯಿಸಿ.

ಫುಟ್‌ರೆಸ್ಟ್ ಮೇಲೆ ಕೆಳಗೆ ಲೊಡಲೊಡ ಅಲುಗುತ್ತಿದ್ದರೆ ಮೊದಲು ಪಿನ್ನನ್ನು ನೋಡಿ. ನಡುವೆ ಸವೆದು ಸೊಂಟ ಬಂದಿದ್ದರೆ ಹೊಸ ಪಿನ್ ಹಾಕಿ, ಪಕ್ಕದ ಸಂದಿಗೆ ತೆಳು ಉಕ್ಕಿನ ವಾಷರ್ ಕೊಡಿ. ಪಿನ್ ಸರಿಯಿದ್ದು ಬ್ರ್ಯಾಕೆಟಿನ ತೂತು ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಮನೆಯಲ್ಲಿ ಮಾಡುವುದು ಏನೂ ಇಲ್ಲ, ಅದು ವೆಲ್ಡಿಂಗ್ ಮತ್ತು ಹೊಸ ತೂತಿನ ಕೆಲಸ. ಪಿನ್ನನ್ನು ಮೇಲಿನಿಂದ ಕೆಳಕ್ಕೆ ತೂರಿಸಿ, ಸ್ಪ್ಲಿಟ್ ಪಿನ್ ಎಲ್ಲೋ ಬಿದ್ದುಹೋದರೂ ದೊಡ್ಡ ಪಿನ್ ತನ್ನ ತೂಕದಿಂದ ಅಲ್ಲೇ ಉಳಿಯುತ್ತದೆ. ಬಿಚ್ಚಿದ ಸ್ಪ್ಲಿಟ್ ಪಿನ್ನನ್ನು ಮತ್ತೆ ಬಳಸಬೇಡಿ, ಅದರ ಬದಲಿಗೆ ಬೇಲಿಯ ತಂತಿಯನ್ನೂ ಸುತ್ತಬೇಡಿ. ಜೋತು ಬೀಳದಿರಲಿ ಎಂದು ಇಡೀ ಫುಟ್‌ರೆಸ್ಟನ್ನು ತಂತಿಯಿಂದ ಬಿಗಿದು ಕಟ್ಟಿದವರನ್ನೂ ನೋಡಿದ್ದೇನೆ. ಮಡಿಚುವ ಫುಟ್‌ರೆಸ್ಟಿಗೆ ನೆಲ ಅಥವಾ ಕಲ್ಲು ತಾಗಿದಾಗ ಅದು ಮಡಿಚಿಕೊಳ್ಳಲೇಬೇಕು. ಕಟ್ಟಿಬಿಟ್ಟರೆ ತಿರುವಿನಲ್ಲಿ ಅದೇ ಸನ್ನೆಗೋಲಾಗಿ ಹಿಂದಿನ ಚಕ್ರವನ್ನು ನೆಲದಿಂದ ಎತ್ತಿಬಿಡುತ್ತದೆ.

ಅಮ್ಮ ಸೀರೆಯುಟ್ಟು ಒಂದೇ ಪಕ್ಕಕ್ಕೆ ಕೂರುವವರಾದರೆ ಎರಡೂ ಪಾದಗಳ ಭಾರ ಎಡಗಡೆಯ ಲೇಡೀಸ್ ಫುಟ್‌ರೆಸ್ಟಿನ ಮೇಲೆ ಬೀಳುತ್ತದೆ. ಸೀರೆಗಾರ್ಡಿಗೆ ಅದನ್ನು ಹಿಡಿದಿರುವ ಕ್ಲ್ಯಾಂಪಿನ ನಟ್‌ಗಳು ಅಲುಗಾಟಕ್ಕೆ ಬೇಗ ಸಡಿಲವಾಗುತ್ತವೆ. ಒಳಗೆ ನೈಲಾನ್ ಬಳೆ ಇರುವ ನಟ್ ಹಾಕಿ. ಬೈಕ್ ನಿಂತಿರುವಾಗಲೇ ಅವರನ್ನು ಕೂರಿಸಿ, ನೀವು ಹ್ಯಾಂಡಲ್ ಹಿಡಿದು, ಪಾದ ಪೂರ್ತಿ ಊರುತ್ತದೆಯೇ, ಮೊಣಕಾಲು ನೋಯುತ್ತದೆಯೇ ಕೇಳಿ. ಕ್ಲ್ಯಾಂಪನ್ನು ಎರಡು ಬೆರಳು ಕೆಳಗಿಳಿಸಿದರೆ ವಯಸ್ಸಾದವರ ಮೊಣಕಾಲಿಗೆ ಎಷ್ಟೋ ನಿರಾಳ. ಅದಕ್ಕಿಂತ ಕೆಳಗೆ ಬೇಡ, ತೋಟದ ದಾರಿಯ ಕಲ್ಲಿಗೆ ತಾಗುತ್ತದೆ.

ಎಲ್ಲ ಮುಗಿದ ಮೇಲೆ ಮೊದಲ ಓಡಾಟ ಒಬ್ಬರೇ ಮಾಡಿ, ಮನೆಯ ಸುತ್ತಮುತ್ತ ಎರಡು ಮೂರು ಕಿಲೋಮೀಟರ್. ನಿಧಾನವಾಗಿ ಹೋಗುತ್ತ ಎರಡೂ ಫುಟ್‌ರೆಸ್ಟುಗಳ ಮೇಲೆ ಮೈಭಾರ ಹಾಕಿ ಅರ್ಧ ಎದ್ದು ನೋಡಿ. ಮರಳಿ ಬಂದು ಹಿಂದಿನ ಡ್ರಮ್ಮಿನ ಹತ್ತಿರ ಅಂಗೈ ಹಿಡಿಯಿರಿ, ಮುಟ್ಟಬೇಡಿ. ಸುಡುವ ಬಿಸಿ ಬರುತ್ತಿದ್ದರೆ ಬ್ರೇಕ್ ಇನ್ನೂ ಹಿಡಿದಿದೆ, ಬ್ರೇಕ್ ಕಂಬಿಯ ನಟ್ ಅರ್ಧ ಸುತ್ತು ಸಡಿಲಿಸಿ ಮತ್ತೆ ಓಡಿಸಿ ನೋಡಿ. 50 ಕಿಲೋಮೀಟರ್ ಆದ ಮೇಲೆ ತಳದ ಬೋಲ್ಟುಗಳನ್ನು ಇನ್ನೊಮ್ಮೆ ತಕ್ಕಡಿ ಹಿಡಿದು ಪರೀಕ್ಷಿಸಿ. ಸಡಿಲಿಸಿದ ಮೇಲೂ ಡ್ರಮ್ ಕಾಯುವುದು ನಿಲ್ಲದಿದ್ದರೆ ತೊಂದರೆ ಡ್ರಮ್ಮಿನ ಒಳಗಿದೆ. ಆಗ ಹಿಂದಿನ ಬ್ರೇಕ್ ಕಂಬಿಯನ್ನು ಸಡಿಲ ಮಾಡಿಟ್ಟು ಗ್ಯಾರೇಜಿನವರೆಗೆ ಓಡಿಸಿಕೊಂಡು ಹೋಗಬೇಡಿ. ಕಾಫಿ ಸಾಗಿಸುವ ಪಿಕಪ್ ಯಾವುದಾದರೂ ಮೂಡಿಗೆರೆಗೆ ಹೊರಟಿದ್ದರೆ ಅದರಲ್ಲಿ ಬೈಕನ್ನು ಏರಿಸಿ ಕಳುಹಿಸಿ.